ಎಪ್ಪತ್ತೆರಡು ಹಲ್ಲು

“ಲೋ ಚಿಕ್ಕಮಾದ, ನೀನು ಮರ ಕುಯ್ತಿದ್ದೀಯೋ, ಇಲ್ಲಾ ಅದ್ರ ಬೆನ್ನು ಕೆರೀತಿದ್ದೀಯೋ? ಬೆಳಿಗ್ಗೆಯಿಂದ ನಸ್ಯ ಉದುರಿಸ್ಕಂಡು ಕೂತವ್ನೆ, ಮುಂಡೇದು!”

ಶಿವಮಲ್ಲಪ್ಪನವರು ಕೊಡೆಯ ತುದಿಯಿಂದ ಹುಣಸೆಮರದ ಬುಡವನ್ನು ಕುಟ್ಟಿ ತೋರಿಸಿದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮರ ಕೊಯ್ಯುವ ಮಿಷನ್ನಿನ ಹಲ್ಲು ಸರಿಯಿದ್ದರೆ ಅವಲಕ್ಕಿಯಂಥ ಚಕ್ಕೆ ಹಾರಬೇಕು. ನಮ್ಮದರ ಬಾಯಿಂದ ಬರುತ್ತಿದ್ದದ್ದು ನಸ್ಯವೇ, ಜೊತೆಗೆ ಹೊಗೆ. ಮೂರು ಗಂಟೆ ಹೊತ್ತು ಗುರುಗುಟ್ಟಿದರೂ ಅದು ಮರದೊಳಗೆ ಇಳಿದಿದ್ದು ಒಂದು ಗೇಣು.

ನಾನು ಹಗ್ಗ ಹಿಡಿದು ದೂರ ನಿಂತಿದ್ದೆ. ನಮ್ಮ ಮೂವರಲ್ಲಿ ನನ್ನ ಕೆಲಸ ಅದೇ, ಮರ ಎತ್ತ ಬೀಳಬೇಕೋ ಅತ್ತ ಎಳೆಯುವುದು. ಮಿಷನ್ನು ಹಿಡಿಯುವವನು ನನ್ನ ಭಾವ ಚಿಕ್ಕಮಾದಯ್ಯ. ಬಿದ್ದ ಮರದ ರೆಂಬೆ ಸವರುವವಳು ನನ್ನ ಅಕ್ಕ ಸಣ್ಣತಾಯಮ್ಮ. ಅವಳ ಹತ್ತಿರ ಒಂದು ಮಚ್ಚಿದೆ, ಒಂದು ನಾಲಿಗೆಯಿದೆ. ಮಚ್ಚನ್ನಾದರೂ ಆಗಾಗ ಮಸೆಯಬೇಕಾಗುತ್ತದೆ.

“ಬುದ್ದಿ, ಹಲ್ಲು ಸವ್ದೋಗದೆ. ಮುದುಕಿ ಕೈಲಿ ಕಬ್ಬು ತಿನ್ನು ಅಂದಂಗಾಯ್ತು” ಎಂದ ಭಾವ, ಮಿಷನ್ನು ಆರಿಸಿ.

“ನಿನ್ನ ಮುದುಕಿ ಕತೆ ನನಗೆ ಬೇಡ. ನೋಡು, ಬರೋ ಶುಕ್ರವಾರ ಕಟ್ಟೆ ಮ್ಯಾಲಿನ ಅರಳಿಮರ ಉರುಳಿ ಮಲೀಕಬೇಕು. ಅಕ್ಕಿ ಮಿಲ್ಲಿಗೆ ಲಾರಿ ತಿರುಗಕ್ಕೆ ಆಯ್ತಾ ಇಲ್ಲ. ನಿನ್ನ ಕೈಲಿ ಆಗದಿದ್ರೆ ಈ ಕಬ್ಬಿಣ ತಂದು ನನ್ನ ಶೆಡ್ಡಿಗೆ ಬಿಸಾಕು, ಗುಜರಿ ರೇಟು ಕೊಡ್ತೀನಿ. ಮೂರು ಜನಾನೂ ಮೊದ್ಲಿನಂಗೆ ಡಿಪೋಗೆ ಬಂದು ಸೌದೆ ಸೀಳಿ. ಕೇರಿಯೋರಿಗೆ ಮಿಷನ್ನು ಯಾಕ್ಲಾ? ದೇವ್ರು ಕೊಡಲಿ ಕೊಟ್ಟಿರಲಿಲ್ವಾ?”

ಅಷ್ಟು ಹೇಳಿ ಅವರು ಹೋದರು. ಅಕ್ಕ ಮಚ್ಚನ್ನು ರೆಂಬೆಗೆ ಕಚ್ಚಿಸಿ, “ಕೊಡಲಿ ದೇವ್ರು ಕೊಟ್ಟನಂತೆ. ಕುಲುಮೆ ಆಚಾರಿ ಕೇಳಿಸ್ಕಂಡ್ರೆ ಬೇಜಾರು ಮಾಡ್ಕತಾನೆ” ಎಂದಳು.

“ಮೊದಲಿನ ಹಾಗೆ” ಅಂದರೆ ಏನೆಂದು ಹೇಳಬೇಕು. ಹನ್ನೊಂದು ವರ್ಷ ನಾವು ಅವರ ಸೌದೆ ಡಿಪೋದಲ್ಲಿ ಬಗ್ಗಿದವರು. ಅವರು ಕರೆದಾಗ ಹೋಗಬೇಕು, ಬಿಟ್ಟಾಗ ಬರಬೇಕು. ಟೀ ಕೊಟ್ಟರೆ ತೆಂಗಿನ ಚಿಪ್ಪಿನಲ್ಲಿ. ತೊಂಬತ್ತನಾಲ್ಕರಲ್ಲಿ ಗೂಡಲೂರಿನ ಕಡೆಯ ಒಂದು ಟೀ ಎಸ್ಟೇಟಿನವರು ಹಳೇ ಸಾಮಾನು ಹರಾಜು ಹಾಕಿದಾಗ ಗುಂಡ್ಲುಪೇಟೆಯ ಗುಜರಿ ಮೆಕ್ಯಾನಿಕ್ಕು ಮಹಬೂಬ್ ಈ ಮಿಷನ್ನು ತಂದಿದ್ದ. ಮೂರು ಆಡು ಮಾರಿ ನಾವು ಅದನ್ನು ಕೊಂಡೆವು. ಅವತ್ತಿನಿಂದ ಯಾರ ತೋಟಕ್ಕೆ ಬೇಕಾದರೂ ಹೋದೆವು, ನಾವು ಹೇಳಿದ ಹೊತ್ತಿಗೆ ಹೋದೆವು, ಮನಸ್ಸಿಲ್ಲದಿದ್ದರೆ “ಈ ವಾರ ಆಗಲ್ಲ ಬುದ್ದಿ” ಎಂದೆವು. ಆ ಮಾತನ್ನು ಶಿವಮಲ್ಲಪ್ಪನವರಿಗೇ ಎರಡು ಸಲ ಹೇಳಿದ್ದೆವು. ಮೊದಲ ಸಲ ಹೇಳಿ ಬಂದ ದಿನ ಭಾವನಿಗೆ ಖುಷಿಗೆ ಜ್ವರ ಬಂದಿತ್ತು.

ಮಿಷನ್ನನ್ನು ಅಕ್ಕ ಸವತಿ ಎಂದು ಕರೆಯುತ್ತಾಳೆ. ಭಾವ ಅದಕ್ಕೆ ದಿನಾ ಎಣ್ಣೆ ಸವರುತ್ತಾನೆ, ತನ್ನ ಪಂಚೆಯಲ್ಲೇ ಒರೆಸುತ್ತಾನೆ. “ನನಗೆ ಎರಡು ವರ್ಸದಿಂದ ಒಂದು ತೊಟ್ಟು ಹರಳೆಣ್ಣೆ ಹಚ್ಚಿದ್ದಿಯಾ?” ಎಂದು ಅವಳು ಕೇಳುವುದು, “ನೀನು ಇಷ್ಟು ಕೆಲ್ಸ ಮಾಡ್ತೀಯಾ?” ಎಂದು ಅವನು ಅನ್ನುವುದು, ಆಮೇಲೆ ಅವತ್ತು ನಮಗ್ಯಾರಿಗೂ ಸಾರು ಇಲ್ಲದಿರುವುದು ವಾಡಿಕೆ.

ಸವತಿಗೆ ಹಲ್ಲು ಹುಡುಕಲು ಮೂವರೂ ಹೊರಟೆವು. ಕೈಯಲ್ಲಿ ಇನ್ನೂರು ರೂಪಾಯಿ ಇತ್ತು.

ಚಾಮರಾಜನಗರದ ಹಾರ್ಡ್‌ವೇರ್ ಅಂಗಡಿಯವನು ನಾವು ಮಿಷನ್ನಿನಿಂದ ಬಿಚ್ಚಿ ತಂದ ಸವೆದ ಹಲ್ಲಿನ ಚೈನನ್ನು ಕೈಯಲ್ಲಿ ಮುಟ್ಟಲಿಲ್ಲ. ಕಿವಿಯಲ್ಲಿದ್ದ ಪೆನ್ನು ತೆಗೆದು ಅದರ ತುದಿಯಿಂದ ಮಗುಚಿ ನೋಡಿದ.

“ಸೈಕಲ್ ಚೈನಾ?”

“ಅಲ್ಲ ಸಾ, ಮರ ಕುಯ್ಯದು.”

“ಮರ ಕುಯ್ಯಕ್ಕೆ ಗರಗಸ ಇದೆ, ತಗೊಂಡೋಗು. ಆ ಕಡೆ ಒಬ್ಬ, ಈ ಕಡೆ ಒಬ್ಬ. ಮೆಟ್ಲು ಮೇಲೆ ನಿಲ್ಬೇಡಮ್ಮ, ಗಿರಾಕಿ ಬರ್ತಾರೆ.”

“ನಾವೇನು ಸಾ, ದೃಷ್ಟಿಬೊಂಬೇನಾ?” ಎಂದಳು ಅಕ್ಕ, ಮೆಟ್ಟಿಲು ಇಳಿಯದೆ.

ಅವನು ಕೇಳಿಸದವನಂತೆ ಹೇಳಿದ. “ಹೊಸದು ಮೈಸೂರಲ್ಲಿ ಸಿಗ್ತದೆ. ಸಾವಿರದ ಹತ್ರ. ಎಷ್ಟು ತಂದಿದ್ದೀರಿ?”

ಭಾವ ಹೇಳಿದ.

“ಅಷ್ಟಕ್ಕೆ ಮಿಷನ್ನಿಗೆ ಒಂದು ಸುಗಂಧರಾಜದ ಹಾರ ಬರ್ತದೆ. ಹಾಕಿ ಕೈಮುಗೀರಿ.”

ಮಾರನೆಯ ದಿನ ಸಂತೆಮರಹಳ್ಳಿಯ ಸಂತೆಗೆ ಹೋದೆವು. ಅಲ್ಲಿ ಮರದಡಿ ಕುಲುಮೆ ಹೂಡಿದ್ದ ಆಚಾರಿ ಚೈನನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಕುಡುಗೋಲು ಕೊಡಿ, ಗುಳ ಕೊಡಿ, ಇವತ್ತೇ ಮಸೆದುಕೊಡುತ್ತೇನೆ, ಇದು ಅಕ್ಕಸಾಲಿ ಕೆಲಸ ಎಂದು ಕೈಮುಗಿದು ವಾಪಸು ಕೊಟ್ಟ. ಕಾಸು ಕೇಳಲಿಲ್ಲ. ಬದಲಿಗೆ ಅಕ್ಕನ ಎಲೆಅಡಿಕೆ ಚೀಲದಿಂದ ಒಂದು ಹೋಳು ಅಡಿಕೆ ಕೇಳಿ ಈಸಿಕೊಂಡ.

ಬುಧವಾರ ಮಿಷನ್ನನ್ನೇ ಗೋಣಿಚೀಲದಲ್ಲಿ ಸುತ್ತಿ ತೆರಕಣಾಂಬಿ ಮೇಲಿನ ಬಸ್ಸಿಗೆ ಹತ್ತಿಸಿ ಗುಂಡ್ಲುಪೇಟೆಗೆ ತಂದೆವು. ಕಂಡಕ್ಟರು “ಒಳಗೆ ಕೋಳಿನಾ?” ಎಂದ. “ಅಲ್ಲ, ನನ್ ಸವತಿ. ಅರ್ಧ ಟಿಕೆಟ್ಟು ಕೊಡಿ” ಎಂದಳು ಅಕ್ಕ. ಅವನು ಲಗೇಜಿನ ಟಿಕೆಟ್ಟು ಹರಿದ.

ಮಹಬೂಬನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ. ಅಂಗಡಿ ಅಂದರೆ ತಗಡಿನ ಒಂದು ಸೂರು. ಅದರ ಕೆಳಗೆ ಊಟಿ ರಸ್ತೆಯಲ್ಲಿ ಸತ್ತ ಎಲ್ಲ ಗಾಡಿಗಳ ಮೂಳೆ. ಅವನ ಹೆಂಡತಿ ತಾಹಿರಾ ಒಳಗಿನಿಂದ ನಾಲ್ಕು ಗ್ಲಾಸು ಟೀ ತಂದು ಇಟ್ಟಳು. ನಾಲ್ಕೂ ಒಂದೇ ಬಗೆಯವು, ಮಹಬೂಬನಿಗೂ ಅದೇ. ಅಕ್ಕ ತನ್ನದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ನಿಧಾನವಾಗಿ ಕುಡಿದಳು.

“ಬಿಚ್ಚು ನೋಡೋಣ. ಅರೆ ಅಲ್ಲಾ! ಏನಯ್ಯಾ ಇದು? ಮಿಷನ್ನಾ ಇದು, ಇಲ್ಲ ನಮ್ಮಜ್ಜಿ ಬಾಯಾ?”

ಮಹಬೂಬ್ ಮಿಷನ್ನನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಭಾವನಿಗೆ ಪಾಠ ಮಾಡಿದ. ಉದ್ದನೆಯ ಪಟ್ಟಿ ಇದೆಯಲ್ಲ, ಅದು ನಾಲಿಗೆ. ಅದರ ಸುತ್ತ ಓಡುವ ಚೈನು ಹಲ್ಲು. ಬುಡದಲ್ಲಿ ಚೈನನ್ನು ಓಡಿಸುವ ನಕ್ಷತ್ರದಂಥ ಚಕ್ರ ದವಡೆ. ಮೂರೂ ಹೋಗಿವೆ. ದವಡೆ ಸವೆದಿರುವಾಗ ಹೊಸ ಹಲ್ಲು ಕಟ್ಟಿಸಿದರೆ ಒಂದು ತಿಂಗಳಲ್ಲಿ ಆ ಹಲ್ಲೂ ಹೋಗುತ್ತದೆ.

“ನೋಡು, ನಾಲಿಗೆ ಒಂದೇ ಕಡೆ ಸವೆದದೆ. ಯಾಕೆ ಗೊತ್ತಾ? ಎರಡು ವರ್ಷದಲ್ಲಿ ಒಂದು ಸಲನೂ ಮಗುಚಿ ಹಾಕಿಲ್ಲ ನೀನು. ರೊಟ್ಟಿ ಮಗುಚಲ್ವಾ ನಿಮ್ಮನೇಲಿ?”

“ರಾತ್ರಿ ಮಲೀಕಂಡ ಮಗ್ಗುಲಲ್ಲೇ ಬೆಳಿಗ್ಗೆ ಏಳೋನು ಇವ್ನು. ಮಿಷನ್ನಿಗೆ ಮಗ್ಗುಲು ಬದಲಾಯಿಸ್ತಾನಾ?” ಎಂದಳು ಅಕ್ಕ. ಒಳಗೆ ತಾಹಿರಾ ನಕ್ಕ ಸದ್ದು ಕೇಳಿಸಿತು.

ಮಹಬೂಬ್ ನಾಲಿಗೆಯ ಅಂಚುಗಳನ್ನು ಅರದಿಂದ ಸಮ ಮಾಡಿದ, ಮೇಲಿನದು ಕೆಳಗೆ ಬರುವಂತೆ ಮಗುಚಿದ. ಚಕ್ರವನ್ನು ಯಾವುದೋ ಸತ್ತ ಮಿಷನ್ನಿನಿಂದ ಕಳಚಿ ಹಾಕಿದ. ಇನ್ನು ಚೈನು.

“ಅಳತೆ ತಂದಿದ್ದೀನಿ” ಎಂದು ಭಾವ ಹೆಮ್ಮೆಯಿಂದ ಸೊಂಟದಿಂದ ಒಂದು ದಾರ ತೆಗೆದ. ಮಗುವಿಗೆ ಉಡಿದಾರ ಮಾಡಿಸಲು ಅಳೆಯುವ ಹಾಗೆ ಮಿಷನ್ನಿನ ಸುತ್ತ ಸುತ್ತಿ, ಗಂಟು ಹಾಕಿ ತಂದಿದ್ದ.

ಮಹಬೂಬ್ ದಾರವನ್ನು ನೋಡಿದ, ಭಾವನನ್ನು ನೋಡಿದ. “ಸುನ್ತೀ ಕ್ಯಾ ತಾಹಿರಾ, ಮಿಷನ್‌ಗೆ ಡಾಬು ಮಾಡ್ಸಕ್ಕೆ ಬಂದವ್ರೆ! ಅಯ್ಯಾ, ಇದನ್ನ ಎಣಿಸಬೇಕು, ಅಳೆಯೋದಲ್ಲ. ಚೈನಿನ ಒಳಗಡೆ, ನಾಲಿಗೆ ಸಂದಿಗೆ ಕೂರೋ ಹಲ್ಲು ಅದೆಯಲ್ಲ, ಅದನ್ನ. ಎಣಿಸು.”

ಭಾವ ಎಣಿಸಿದ, ನಾನು ಎಣಿಸಿದೆ, ಇಬ್ಬರಿಗೂ ಬೇರೆ ಬೇರೆ ಬಂತು. ಅಕ್ಕ ಒಂದು ಹಲ್ಲಿಗೆ ಅರಿಸಿನದ ಬೊಟ್ಟಿಟ್ಟು ಅಲ್ಲಿಂದ ಶುರುಮಾಡಿ ಸುತ್ತು ಬಂದಳು. ಎಪ್ಪತ್ತೆರಡು.

ಮಹಬೂಬನ ಡಬ್ಬಿಯಲ್ಲಿ ಅದೇ ಜಾತಿಯ ಚೈನಿನ ಮೂರು ತುಂಡುಗಳಿದ್ದವು. ಮೂರನ್ನೂ ಕೂಡಿಸಿದರೆ ಅರವತ್ತೈದು.

“ಏಳಲ್ವಾ? ಜಗ್ಗಿ ಹಾಕ್ಬುಡು” ಎಂದ ಭಾವ.

“ಚಡ್ಡಿ ಲಾಡಿ ಅಂದ್ಕೊಂಡ್ಯಾ? ಬೇಡ. ಒಂದೊಂದು ಒಂದೊಂದು ಥರ ಸವೆದವೆ. ಕೂಡಿಸಿದ್ರೂ ಮರದೊಳಗೆ ಕಿತ್ಕೊಂಡು ನಿನ್ನ ಮುಖಕ್ಕೆ ಬರ್ತದೆ. ನನ್ನ ಕೈಯಾರೆ ನಿನ್ನ ಹೆಂಡತೀನ ಮುಂಡೆ ಮಾಡಲ್ಲ. ಹೊಸದೇ ತಗೋಬೇಕು.”

ಬೀಡಿ ಕಟ್ಟಿನ ಕಾಗದದ ಮೇಲೆ ಚೈನಿನ ನಂಬರು, ದಪ್ಪ, ಎಪ್ಪತ್ತೆರಡು ಎಂದು ಬರೆದು ಕೊಟ್ಟ. ಮಾಡಿದ ಕೆಲಸಕ್ಕೆ ಕಾಸು ಬೇಡವೆಂದ. ಮಗಳು ತಮನ್ನಾಳ ಮದುವೆಗೆ, ಬಿರಿಯಾನಿ ಬೇಯಿಸಲು, ಮುಂದಿನ ತಿಂಗಳು ಒಂದು ಗಾಡಿ ಹುಣಸೆ ಸೌದೆ ಬೇಕೆಂದ.

“ಮಿಷನ್ನು ಓಡಿದ್ರೆ ತಂದಾಕ್ತೀನಿ. ಓಡದಿದ್ರೂ ಹಲ್ಲಲ್ಲಿ ಕಚ್ಚಿ ತಂದಾಕ್ತೀನಿ” ಎಂದ ಭಾವ.

ವಾಪಸು ಬರುವ ಬಸ್ಸಿನಲ್ಲಿ ಭಾವ ಗೋಣಿಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಕಿಟಕಿಯಾಚೆ ಗೋಪಾಲಸ್ವಾಮಿ ಬೆಟ್ಟ ಮಂಜು ಹೊದ್ದುಕೊಂಡು ಮಲಗಿತ್ತು. ಹೊಸ ದವಡೆ ಬಂತು, ನಾಲಿಗೆ ನೆಟ್ಟಗಾಯಿತು, ಹಲ್ಲಿಲ್ಲ. ಶುಕ್ರವಾರಕ್ಕೆ ಎರಡು ದಿನ.

“ಡಿಪೋಗೆ ಓಗದೇ ಸೈ” ಎಂದ, ತನಗೆ ತಾನೇ.

ಅಕ್ಕ ಬಾಯಲ್ಲಿದ್ದ ಎಲೆಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿದಳು. “ಅಲ್ಲ ಕಣಾ, ಅರಳಿಮರಕ್ಕೆ ಹೋದ ತಿಂಗಳು ಮಲೆಯಾಳದೋರು ಮಿಷನ್ನು ಹೊತ್ಕಂಡು ಬಂದಿದ್ರಲ್ಲ, ಯಾಕೆ ವಾಪಸ್ಸು ಓದ್ರು?”

“ಬುಡದಲ್ಲಿ ನಾಗರಕಲ್ಲು ನೋಡಿ ಕೈಮುಗ್ದು ಓದ್ರು.”

“ಮೇಗಲ ಬೀದಿಯೋರು ಯಾಕೆ ಕೊಡಲಿ ಹಾಕಲ್ಲ?”

“ಪಾಪ ಬತ್ತದೆ ಅಂತ.”

“ನಮ್ಮಾವ ಗ್ರಾಮದೇವತೆ ಬೇವಿನಮರ ಕಡೀವಾಗ ಪಾಪ ಒಪ್ಪುಸ್ಕಂಡನಲ್ಲ, ಎಷ್ಟಕ್ಕೆ?”

ಭಾವ ತಲೆಯೆತ್ತಿದ. ಇದು ನಮ್ಮೂರ ಪದ್ಧತಿ. ದೇವರ ಮರ ಉರುಳಿಸಬೇಕಾದರೆ ಪೂಜಾರಿ ಅಯ್ನೋರು ತಾಂಬೂಲ ಹಿಡಿದು, ಈ ಮರದ ಪಾಪ ಇನ್ನು ನಿನ್ನದು ಎಂದು ಕಡಿಯುವವನ ಕೈಗೆ ಹಾಕಬೇಕು. ಕಡಿಯುವವನು ಯಾವಾಗಲೂ ನಮ್ಮ ಕೇರಿಯವನೇ.

“ಒಂದು ಹುಂಜ, ಒಂದು ಸೇರು ರಾಗಿ.”

“ಬಾರಿ ಅಗ್ಗಕ್ಕೆ ಬುಟ್ಟುಕೊಟ್ಬುಟ್ಟ ಮುದುಕ” ಎಂದಳು ಅಕ್ಕ.

ಅವತ್ತು ಸಂಜೆಯೇ ಶಿವಮಲ್ಲಪ್ಪನವರ ಅಂಗಳದಲ್ಲಿ ನಿಂತೆವು. ಜಗಲಿಯ ಮೇಲೆ ಅವರು, ಪಕ್ಕದಲ್ಲಿ ಪೂಜಾರಿ ಅಯ್ನೋರು.

“ಏನು, ಮಿಷನ್ನು ಶೆಡ್ಡಿಗೆ ತಂದ್ರಾ?”

“ಇಲ್ಲ ಬುದ್ದಿ. ಪಾಪದ ವ್ಯಾಪಾರ ಮಾತಾಡಕ್ಕೆ ಬಂದೋ” ಎಂದಳು ಅಕ್ಕ.

ಅಯ್ನೋರು ಉಪ್ಪಿನಕಾಯಿ ಕಚ್ಚಿದವರಂತೆ ಮುಖ ಮಾಡಿದರು. “ಅದೇನು ವ್ಯಾಪಾರವಮ್ಮಾ? ಪದ್ಧತಿ ಇದೆ. ಒಂದು ಹುಂಜ, ಒಂದು...”

“ಅದು ಬೇವಿನಮರದ ರೇಟು ಅಯ್ನೋರೇ. ಇದು ಅರಳಿ. ಬುಡದಲ್ಲಿ ನಾಗಪ್ಪ ಅವ್ನೆ. ಇದನ್ನ ಕಡಿದ್ರೆ ಎಷ್ಟು ತಲೆಗೆ ಪಾಪ? ನೀವೇ ಹೇಳಿ, ಓದಿರೋರು.”

ಅಯ್ನೋರಿಗೆ ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ ಇರಲು ಬರುವುದಿಲ್ಲ. “ಏಳು ತಲೆಮಾರಿಗೆ” ಎಂದುಬಿಟ್ಟರು.

“ಕೇಳಿಸ್ಕಂಡ್ರಾ ಬುದ್ದಿ? ಏಳು ತಲೆ. ಹುಟ್ಟೋ ಮಕ್ಕಳು, ಅವುಗಳ ಮಕ್ಕಳು, ಎಲ್ಲಾನೂ ಸೇರಿಸಿ ನಾವು ಹೊತ್ಕಬೇಕು. ತಲೆಗೆ ಹತ್ತು ಹಲ್ಲು ಹಾಕ್ಕಳಿ. ಏಳತ್ಲಿ ಎಪ್ಪತ್ತು. ನಾಗಪ್ಪನ ಹೆಸರಲ್ಲಿ ಮ್ಯಾಲೆ ಎರಡು. ಎಪ್ಪತ್ತೆರಡು ಹಲ್ಲಿನ ಹೊಸ ಚೈನು ಒಂದು. ನಂಬರು ಈ ಚೀಟೀಲಿ ಅದೆ. ಹುಂಜ ನೀವೇ ಮಡಿಕಳಿ.”

ಶಿವಮಲ್ಲಪ್ಪನವರು ಎದ್ದು ನಿಂತರು. “ನಿನ್ನ ಮನೆ ಕಾಯ್ವಾಗ! ಏನ್ ಕೊಬ್ಬಮ್ಮಿ ನಿಂಗೆ? ಅಂಗಳದಲ್ಲಿ ನಿಂತ್ಕಂಡು ನನ್ನ ಮಕಕ್ಕೆ ಮಕ ಕೊಟ್ಟು ರೇಟು ಹೇಳ್ತಿಯಾ? ಲೇ ಚಿಕ್ಕಮಾದ, ಹೆಂಡ್ತಿ ಕೈಲಿ ಮಾತಾಡಿಸ್ತೀಯಲ್ಲೋ ಬೋಳಿಮಗನೆ, ಮೀಸೆ ಬೋಳಿಸ್ಕೋ!”

ಭಾವ ಮೀಸೆ ಮುಟ್ಟಿ ನೋಡಿಕೊಂಡ. “ಆಗಲಿ ಬುದ್ದಿ. ಮೀಸೆ ಇಲ್ದಿದ್ರೂ ಚೈನು ಬೇಕಲ್ಲ.”

“ಬೇರೆ ಊರಿಂದ ಕರುಸ್ತೀನಿ!”

“ಕರುಸಿ. ಬಂದೋರು ನಾಗಪ್ಪನಿಗೆ ಕೈಮುಗ್ದು ಬಸ್ಸತ್ತಲಿ. ಇಲ್ಲಾ ನೀವೇ ಒಂದು ಏಟು ಹಾಕಿ. ಕೊಡಲಿ ನಾನು ಕೊಡ್ತೀನಿ, ದೇವ್ರು ಕೊಟ್ಟದ್ದು ನಮ್ಮನೇಲಿ ಅದೆ” ಎಂದಳು ಅಕ್ಕ.

ಮಿಲ್ಲಿನ ಮುಂದೆ ಎರಡು ಲಾರಿ ಭತ್ತ ಹೊತ್ತು ತಿರುಗಲಾರದೆ ನಿಂತಿದ್ದವು. ಶಿವಮಲ್ಲಪ್ಪನವರು ಅತ್ತ ನೋಡಿದರು. ಅಯ್ನೋರು ಅವರ ಕಿವಿಯ ಹತ್ತಿರ ಬಾಗಿ, ಮನೆಗೆ ಪಾಪ ತಟ್ಟುವುದು ಬೇಡ, ಚೈನು ಹೋದರೆ ಹೋಗಲಿ ಎಂದದ್ದು ನಮಗೂ ಕೇಳಿಸಿತು. ಶಿವಮಲ್ಲಪ್ಪನವರು ಚೀಟಿಯನ್ನು ನೆಲದ ಮೇಲೆ ಇಡು ಎಂದರು. ಇಟ್ಟೆವು. ಅವರ ಆಳು ಎತ್ತಿಕೊಂಡ.

ಗುರುವಾರ ರಾತ್ರಿಯ ಬಸ್ಸಿಗೆ ಮೈಸೂರಿಂದ ಚೈನು ಬಂತು. ಶುಕ್ರವಾರ ಬೆಳಿಗ್ಗೆ ಅಕ್ಕ ಅರಿಸಿನದ ಬೊಟ್ಟಿಟ್ಟು ಎಣಿಸಿದಳು, ಸರಿಯಾಗಿತ್ತು. ಭಾವ ಅದನ್ನು ಹಾಕುವ ಆತುರದಲ್ಲಿ ಹಲ್ಲೆಲ್ಲ ಹಿಂದುಮುಂದಾಗಿ ಕೂರಿಸಿ, ಬಿಚ್ಚಿ ಮತ್ತೆ ಕೂರಿಸಿದ. ಹೊಸ ಹಲ್ಲು ಬಿಸಿಲಿಗೆ ಮಿಂಚುತ್ತಿತ್ತು. ಪರೀಕ್ಷೆಗೆ ಒಂದು ಬೇವಿನ ಕೊರಡಿಗೆ ಇಟ್ಟ. ಬೆಣ್ಣೆಗೆ ಬೆರಳಿಟ್ಟ ಹಾಗೆ ಇಳಿಯಿತು. ಚಕ್ಕೆ ಹಾರಿ ನನ್ನ ತಲೆಯ ಮೇಲೆಲ್ಲ ಬಿತ್ತು.

“ಏನ್ ನಗ್ತಾಳೆ ನೋಡು ನನ್ ಸವತಿ” ಎಂದಳು ಅಕ್ಕ.

ಕಟ್ಟೆಯ ಹತ್ತಿರ ಊರೇ ಸೇರಿತ್ತು, ಮೇಲಿನ ಬೀದಿಯವರು ಮಿಲ್ಲಿನ ಕಡೆ, ನಮ್ಮವರು ಚರಂಡಿಯ ಕಡೆ. ಆ ಕಟ್ಟೆಯನ್ನು ಹತ್ತಲು ನಮಗೆ ಅಪ್ಪಣೆಯಿಲ್ಲ. ಅದರ ಪಕ್ಕ ಹಾದುಹೋಗುವಾಗಲೂ ಚಪ್ಪಲಿ ಕೈಗೆ ಬರಬೇಕು. ಅವತ್ತು ಮಾತ್ರ, ಕೊಯ್ಯುವ ಸಲುವಾಗಿ, ಹತ್ತಬಹುದು ಎಂದು ಅಯ್ನೋರು ಹೇಳಿದರು. ನಾಗರಕಲ್ಲುಗಳನ್ನು ಮೊದಲೇ ಕಿತ್ತು ದೇವಸ್ಥಾನಕ್ಕೆ ಸಾಗಿಸಿದ್ದರು.

ಅಯ್ನೋರು ದೂರದಿಂದಲೇ ಭಾವನ ಕೈಗೆ ತಾಂಬೂಲ ಬಿಟ್ಟರು. ಎರಡು ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ. ಮಂತ್ರ ಮುಗಿಸಿ ಎಲ್ಲರಿಗೂ ಕೇಳುವಂತೆ ಹೇಳಿದರು: “ಈ ವೃಕ್ಷದ ಪಾಪ ಇನ್ನು ಚಿಕ್ಕಮಾದಯ್ಯನದು, ಅವನ ವಂಶದ್ದು. ಇನ್ನು ಇದಕ್ಕೆ ಅವನೇ ಕೈ ಹಾಕಬೇಕು. ಬೇರೆಯವರು ಹಾಕಿದರೆ ಪಾಪ ಕೊಟ್ಟವರ ಮನೆಗೇ ವಾಪಸು.” ಹೇಳಿ, ಯಾರ ಮೈಯೂ ತಾಗದಂತೆ ಪಂಚೆ ಎತ್ತಿಕೊಂಡು ಸ್ನಾನಕ್ಕೆ ಓಡಿದರು.

ಶಿವಮಲ್ಲಪ್ಪನವರು ಚಪ್ಪಾಳೆ ತಟ್ಟಿದರು. “ಊಂ, ಹತ್ತು. ಶುರು ಮಾಡು.”

ಭಾವ ಕಟ್ಟೆ ಹತ್ತಿದ. ಹಗ್ಗ ಹೆಗಲಿಗೆ ಹಾಕಿಕೊಂಡು ನಾನು ಹತ್ತಿದೆ. ಕಲ್ಲು ಅಂಗಾಲಿಗೆ ತಣ್ಣಗಿತ್ತು. ಇಷ್ಟು ವರ್ಷ ಈ ಊರಲ್ಲಿದ್ದೂ ನನಗೆ ಅದು ಗೊತ್ತಿರಲಿಲ್ಲ. ಅಕ್ಕ ಮಚ್ಚು ಸಮೇತ ಹತ್ತಿದಳು. ಹತ್ತಿದವಳು ರೆಂಬೆಯ ಕಡೆ ನೋಡಲೇ ಇಲ್ಲ. ಸೆರಗಿನಿಂದ ಕಲ್ಲು ಒರೆಸಿ, ಕಾಲು ಚಾಚಿ, ಮರಕ್ಕೆ ಬೆನ್ನು ಕೊಟ್ಟು ಕೂತಳು. ಭಾವನ ಕೈಯಿಂದ ತಾಂಬೂಲ ಈಸಿಕೊಂಡು ಎಲೆಗೆ ಸುಣ್ಣ ಹಚ್ಚಿದಳು.

“ಏನಮ್ಮಿ ಇದು? ಕೂತ್ಕಂಡ್ಯಲ್ಲ!”

“ಕೂಲಿ ಮಾತಾಡ್ಬೇಕಲ್ಲ ಬುದ್ದಿ.”

“ಯಾವ ಕೂಲಿನೇ? ಚೈನು ಕೊಟ್ಟಿಲ್ವಾ, ಸಾವಿರ ರೂಪಾಯಿದು!”

“ಅದು ಪಾಪದ್ದು. ಪಾಪ ಈಸ್ಕಂಡೋ, ಊರೇ ನೋಡ್ತು. ಅದ್ರ ಲೆಕ್ಕ ಚುಕ್ತ.” ಅವಳು ಎಲೆ ಮಡಿಸಿ ಬಾಯಿಗಿಟ್ಟಳು. “ಇದು ಕುಯ್ಯೋ ಕೂಲಿ. ಬೇರೆ.”

ಚರಂಡಿಯ ಕಡೆಯಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ನಮ್ಮ ಕೇರಿಯ ಹಿರಿಯಳು ಮಂಗಮ್ಮ ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು ಬಂದು ಕಟ್ಟೆಯ ತುದಿಗೆ ಕೂತು, “ನನಗೂ ಒಂಚೂರು ಅಡಿಕೆ ಕೊಡಮ್ಮಿ” ಎಂದಳು. ಅವಳ ಹಿಂದೆ ಇಬ್ಬರು. ಆಮೇಲೆ ಎಷ್ಟು ಜನವೋ. ಕಟ್ಟೆಯ ಮೇಲೆ ಎಷ್ಟು ಜಾಗವಿದೆಯೆಂದು ನಮಗೂ ಅಂದಾಜಿರಲಿಲ್ಲ. ಅಕ್ಕ ಮಚ್ಚಿನ ಬೆನ್ನಿಂದ ತೆಂಗಿನಕಾಯಿ ಒಡೆದಳು, ಹೋಳು ಮಾಡಿ ಹಂಚಿದಳು. ಪಾಪ ಸಿಹಿಯಾಗಿತ್ತು.

ಶಿವಮಲ್ಲಪ್ಪನವರ ಕೊರಳ ನರ ಉಬ್ಬಿತು. “ಎದ್ದೇಳ್ರಲೇ! ಯಾರಪ್ಪನ ಕಟ್ಟೆ ಇದು? ಎದ್ದೇಳಿ ಅಂತೀನಿ!”

ಅಷ್ಟರಲ್ಲಿ ಅಕ್ಕನ ಪಕ್ಕ ಕೂತಿದ್ದ ಭಾವ, ತೊಡೆಯ ಮೇಲಿನ ಮಿಷನ್ನನ್ನು ಸವರುತ್ತ, “ಎದ್ರೆ ಮನೆಗೇ ಓಗದು ಬುದ್ದಿ. ಆಮೇಲೆ ಮರ ಯಾರು ಕುಯ್ತಾರೆ?” ಎಂದ.

ಲಾರಿಯವನು ಹಾರನ್ನು ಹೊಡೆದ. ಬಿಸಿಲು ಏರುತ್ತಿತ್ತು. ಮಿಲ್ಲಿನ ಕಡೆ ನಿಂತವರು ಒಬ್ಬೊಬ್ಬರಾಗಿ ಗೋಡೆಯ ನೆರಳಿಗೆ ಸರಿದರು. ಶಿವಮಲ್ಲಪ್ಪನವರು ಒಬ್ಬರೇ ರಸ್ತೆಯ ಮಧ್ಯೆ ಉಳಿದರು.

“ಎಷ್ಟು ಬೇಕು, ಬೊಗಳು” ಎಂದರು ಕೊನೆಗೆ.

“ಅಷ್ಟು ದೂರದಿಂದ ಕೂಗಾಡಿದ್ರೆ ವ್ಯಾಪಾರ ಕುದುರಲ್ಲ ಬುದ್ದಿ.” ಅಕ್ಕ ಒಂದು ಮೊಳ ಸರಿದು, ಮಂಗಮ್ಮನಿಗೂ ತನಗೂ ನಡುವೆ ಜಾಗ ಮಾಡಿ, ಅಲ್ಲಿನ ಕಲ್ಲನ್ನು ಅಂಗೈಯಿಂದ ತಟ್ಟಿದಳು. “ಬನ್ನಿ. ಕೂತ್ಕಳಿ. ಮಾತಾಡನ.”

ಅವರು ಲಾರಿಗಳನ್ನು ನೋಡಿದರು. ಆ ಜಾಗವನ್ನು ನೋಡಿದರು. ಒಂದು ಕಾಲು ಕಟ್ಟೆಯ ಮೊದಲ ಮೆಟ್ಟಿಲ ಮೇಲೆ ಬಂತು, ಅಲ್ಲೇ ನಿಂತಿತು.

ಭಾವ ಕೂತ ಜಾಗದಿಂದ ಏಳದೆ, ಹಲ್ಲನ್ನು ಮರಕ್ಕೆ ತಾಗಿಸದೆ, ನಾವು ಸಿದ್ಧ ಎಂದು ತೋರಿಸಲು ಮಿಷನ್ನಿನ ದಾರ ಎಳೆದ. ಒಂದೇ ಎಳೆತಕ್ಕೆ ಅದು ಗುರುಗುಟ್ಟಿತು.